ನ್ಯಾಯವಂತ ಚಂಗೀಜ್ ಖಾನ್

ಕ್ಷೌರದ ಕುರ್ಚಿಯಲ್ಲಿ ತಲೆಯನ್ನು ಹಿಂದಕ್ಕೆ ಚೆಲ್ಲಿ ಕೂತಿದ್ದ ಮುಕರ್ರಮ್‌ಗೆ, ಶಮ್ರೋಜನ ಕತ್ತಿ ಗಂಟಲ ಮೇಲೆ ಇಳಿಯುತ್ತಿದ್ದಾಗ, ಈ ಮನುಷ್ಯ ಈಗ ಏನಾದರೂ ಕೇಳಿಬಿಟ್ಟರೆ ಗಂಟಲು ಅಲುಗಿಸದೆ ಸುಳ್ಳು ಹೇಳುವುದು ಹೇಗೆ ಎಂಬ ಯೋಚನೆ ಬಂತು. ಬೆಳಿಗ್ಗೆ ಮನೆಯಲ್ಲೇ ಗಡ್ಡ ಕೆರೆದುಕೊಂಡಿದ್ದ. ಕಾಲೇಜಿನಿಂದ ಹೊರಬಿದ್ದವನು ಮತ್ತೆ ಇಲ್ಲಿ ಬಂದು ಕೂತದ್ದು ಹೊತ್ತು ಕಳೆಯುವುದಕ್ಕೆ, ಅಷ್ಟೆ. ತೀರಿಹೋದ ಗೆಳೆಯ ಸಫ್ದರನ ಅಕ್ಕ ಬಖ್ತಾವರ್ ಆಪಾ ಹಾಲಿನವನ ಕೈಯಲ್ಲಿ ಹೇಳಿಕಳಿಸಿದ್ದಳು: ಸಂಜೆಯ ನಮಾಜಿಗೆ ಮುಂಚೆ ಬಂದು ಹೋಗು, ಅವನ ನಾಣ್ಯಗಳ ವಿಷಯ ಮಾತಾಡಬೇಕು. ಇಷ್ಟೇ. ಬೈಗುಳವಿಲ್ಲ, ಯಾಕೆ ಬರಲಿಲ್ಲ ಎಂಬ ಪ್ರಶ್ನೆಯಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಮೂಗಿನ ಕೆಳಗೆ ಬಂದು ನಿಂತ ಕತ್ತಿಯ ತಣ್ಣನೆಯ ಬಾಯಿ, ಸೋಪಿನ ವಾಸನೆ, ಗೋಡೆಯ ಮಾಸಿದ ಕನ್ನಡಿಯಲ್ಲಿ ತಲೆಕೆಳಗಾಗಿ ಹೋಗುತ್ತಿರುವ ಟಾಂಗಾಗಳು. ಜ್ವರ ಬಂದಿತ್ತು ಆಪಾ. ಹಾಸಿಗೆ ಬಿಟ್ಟು ಏಳೋಕಾಗಲಿಲ್ಲ. ಹೀಗೆ ಹೇಳಬೇಕು, ಹೇಳುವಾಗ ನೆಲ ನೋಡಬಾರದು, ಸೂರು ನೋಡಬಾರದು.

"ಹಕೀಮ್ ಸಾಹೇಬ್ರು ಹೋಗಿ ನಲವತ್ತನೇ ದಿನದ ಫಾತಿಹಾನೂ ಆಗೋಯ್ತು," ಎಂದ ಶಮ್ರೋಜ, ಕತ್ತಿಯನ್ನು ಚರ್ಮದ ಪಟ್ಟಿಗೆ ಉಜ್ಜುತ್ತ. "ಕಾಯಿಲೆ ಬಿದ್ದಾಗ ನಾನೇ ಹೋಗಿ ಗಡ್ಡ ಮಾಡಿ ಬರ್ತಿದ್ದೆ. ಅರ್ಧ ಮುಖ ಅಲ್ಲಾಡ್ತಿರಲಿಲ್ಲ ಪಾಪ. ನೀವೂ ದಿನಾ ಹೋಗ್ತಿದ್ರೇನೋ ಪ್ರೊಫೆಸರ್ ಸಾಹೇಬ್ರೇ, ನಾನು ಹೋದಾಗ ಮಾತ್ರ ಒಂದಿನಾನೂ ಸಿಗಲಿಲ್ಲ ನೋಡಿ."

"ನನಗೆ ಜ್ವರ ಇತ್ತು."

"ಹೌದಾ? ಕಾಲೇಜಿಗೆ ಹೋಗೋದು ಬರೋದು ಕಾಣಿಸ್ತಿತ್ತಲ್ಲ, ಚೆನ್ನಾಗಿದೀರಿ ಅನ್ಕೊಂಡಿದ್ದೆ." ಅವನ ದನಿಯಲ್ಲಿ ಕೊಂಕು ಇರಲಿಲ್ಲ. ಟವೆಲು ಒದರಿ, ಬೆನ್ನು ತಟ್ಟಿ, "ದೇವರು ಆಯಸ್ಸು ಕೊಡಲಿ" ಎಂದು ಇಳಿಸಿದ. ಮೊದಲನೇ ಸಲ ಹೇಳಿದ ಸುಳ್ಳೇ ಹೀಗೆ ಮುಖದ ಮೇಲೆ ನೊರೆಯಂತೆ ಹತ್ತಿಕೊಂಡಿತಲ್ಲ, ಇನ್ನು ಆಪಾಳ ಮುಂದೆ ಹೇಗೆ ಎಂದುಕೊಳ್ಳುತ್ತ ಮುಕರ್ರಮ್ ಬೀದಿಗಿಳಿದ.

ಚಳಿಗಾಲದ ಮಧ್ಯಾಹ್ನ. ಚೌಕದ ಬಿಸಿಲಿನಲ್ಲಿ ಮುದುಕರು ಗೋಡೆಗೊರಗಿ ಕೂತು ಕಹ್ವಾ ಚಹಾ ಕುಡಿಯುತ್ತಿದ್ದರು. ಅವನು ಅಂದರ್ ಶಹರಿನ ಬೆಳ್ಳಿ ಅಂಗಡಿಗಳ ಸಾಲನ್ನು ತಪ್ಪಿಸಿ ಹೋಗಬಹುದಿತ್ತು. ಆದರೆ ಕಾಲು ತನ್ನಷ್ಟಕ್ಕೆ ಅಲ್ಲಿಗೇ ತಿರುಗಿತು. ಯೌವನವೆಲ್ಲ ಕಳೆದದ್ದು ಇಲ್ಲಿಯೇ, ಹಾಜಿ ಗುಲಾಬನ ಅಂಗಡಿಯ ಗಾಜಿನ ಪೆಟ್ಟಿಗೆಯ ಮೇಲೆ ಬಗ್ಗಿಕೊಂಡು, ಪಕ್ಕದಲ್ಲಿ ಸಫ್ದರ್. ಬೇರೆ ಊರಿನವರು ಯಾವ ರಾಜನ ನಾಣ್ಯವಾದರೂ ಕೂಡಿಸಿಕೊಳ್ಳಲಿ, ಸಫ್ದರನದು ಒಂದೇ ಕಟ್ಟಳೆ: ಖೈಬರ್ ದಾಟಿ ನಮ್ಮೂರ ಮೇಲೆ ಹಾದುಹೋದವನಾಗಿರಬೇಕು. "ನಮ್ಮಜ್ಜಂದಿರು ಇವರಿಗೆಲ್ಲ ರೊಟ್ಟಿ ಸುಟ್ಟು ಹಾಕಿದಾರೆ ಕಣೋ, ಏಟೂ ತಿಂದಿದಾರೆ. ಲೆಕ್ಕ ಚುಕ್ತಾ ಆಗಬೇಕಾದ್ರೆ ಅವರು ನಮ್ಮ ಪೆಟ್ಟಿಗೇಲಿ ಬಿದ್ದಿರಬೇಕು." ಹಾಗೆ ಸಿಕಂದರ್ ಬಂದ, ಗಜ್ನಿಯ ಮಹಮೂದ್ ಬಂದ, ಮೂರು ಉಂಗುರಗಳ ಗುರುತಿನ ತೈಮೂರ್ ಬಂದ, ಬಾಬರ್ ಬಂದ, ಇದೇ ಪೇಶಾವರದಲ್ಲಿ ರೂಪಾಯಿ ಅಚ್ಚು ಹೊಡೆಸಿ ದಿಲ್ಲಿಗೆ ನಡೆದ ನಾದಿರ್ ಶಾಹನೂ ಬಂದ. ಇಬ್ಬರೂ ಪೈಪೋಟಿಯಲ್ಲಿ ಕೂಡಿಸಿದರು. ಹಕೀಮನಾಗಿದ್ದ ಸಫ್ದರ್ ನಾಡಿ ತೋರಿಸಲು ಬಂದವರ ಹತ್ತಿರವೆಲ್ಲ ಮನೆಯಲ್ಲಿ ಹಳೇ ತುಣುಕೇನಾದರೂ ಇದೆಯೇ ಎಂದು ಕೇಳುತ್ತಿದ್ದ. ಮುಕರ್ರಮ್‌ಗೆ ಅಂಥ ಚುರುಕಿಲ್ಲ. ಅವನಿಗಿದ್ದದ್ದು ಓದುವ ಕಣ್ಣು. ಸವೆದು ಅರ್ಧವಾದ ಅಕ್ಷರವನ್ನೂ ಅವನು ಬಿಡಿಸಿ ಹೇಳುತ್ತಿದ್ದ, ಸಫ್ದರ್ ತಲೆದೂಗುತ್ತಿದ್ದ.

ಆ ದಿನವೂ ಓದಿದ್ದು ಅವನೇ. ಗಜ್ನಿಯ ಕಡೆಯ ವ್ಯಾಪಾರಿಯೊಬ್ಬ ಚೀಲ ಸುರಿದು ಹೋಗಿದ್ದ. ಹಾಜಿಯ ತಟ್ಟೆಯಲ್ಲಿ ಹಸಿರು ಕಟ್ಟಿದ ಒಂದು ರಾಶಿ. ಅದರಲ್ಲಿ ಒಂದನ್ನು ಎತ್ತಿ ಬೆರಳಿಗೆ ಎಂಜಲು ಹಚ್ಚಿ ಉಜ್ಜಿದಾಗ ಒಂದು ಕಡೆ ಖಲೀಫನ ಹೆಸರು. ತಿರುಗಿಸಿದರೆ, ಅಲ್-ಆದಿಲ್, ಅಲ್-ಆಜಮ್. ನ್ಯಾಯವಂತ, ಮಹಾಮಹಿಮ. ಅದರ ಕೆಳಗೆ ಚಂಗೀಜ್ ಖಾನ್. ಊರೂರುಗಳನ್ನು ಸುಟ್ಟು ಬಂದವನು ಆ ಊರವರ ಕೈಯಲ್ಲೇ ಹೊಡೆಸಿದ ಸಣ್ಣ ಬಿಳಿಚು ನಾಣ್ಯ. ಮುಕರ್ರಮ್‌ನ ಮೈ ನಡುಗಿತು. ಸುಮ್ಮನಿರಬಾರದಿತ್ತೇ? ಇರಲಾಗಲಿಲ್ಲ. ಸಂತೋಷ ಬಂದರೆ ಯಾರಿಗಾದರೂ ಹೇಳಬೇಕು, ಹೇಳುವುದಕ್ಕೆ ಸಫ್ದರ್ ಬಿಟ್ಟು ಯಾರಿದ್ದರು? ಗಟ್ಟಿಯಾಗಿ ಓದಿದ. ಆಗ ಮಸೀದಿಯಲ್ಲಿ ಬಾಂಗ್ ಕೂಗಿತು. ಇದನ್ನು ಹೀಗೇ ಆಸೆಬುರುಕನ ಹಾಗೆ ಕಚ್ಚಿಕೊಳ್ಳಬಾರದು, ನಮಾಜು ಮುಗಿಸಿ ಬಂದು ಶಾಂತವಾಗಿ ಕೇಳೋಣ ಎಂದು ತಟ್ಟೆಯಲ್ಲಿಟ್ಟು ಹೋದ. ತನ್ನ ಒಳ್ಳೆಯತನದ ಬಗ್ಗೆ ಆಗ ಅವನಿಗೆ ಎಷ್ಟು ಹೆಮ್ಮೆಯಿತ್ತು! ತಿರುಗಿ ಬಂದಾಗ ನಾಣ್ಯ ಸಫ್ದರನ ಜೇಬಿನಲ್ಲಿತ್ತು.

"ನೀನು ದೇವರ ಹತ್ರ ಹೋದೆ, ನಾನು ಚಂಗೀಜನ ಹತ್ರ ಹೋದೆ," ಎಂದಿದ್ದ ಸಫ್ದರ್, ತೊಡೆ ತಟ್ಟಿ ನಗುತ್ತ. "ಇಬ್ಬರಿಗೂ ಬೇಕಾದ್ದು ಸಿಕ್ತಲ್ಲ, ಇನ್ನೇನು ಮುಖ ಊದಿಸ್ತೀಯಾ?" ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಹಾಜಿ ನಕ್ಕ. ಮುಕರ್ರಮ್ ಸಹ ನಕ್ಕ. ನಗದಿದ್ದರೆ ಇನ್ನೂ ಅವಮಾನವಾಗುತ್ತಿತ್ತು. ಆಮೇಲೆ ಎಷ್ಟೋ ತಿಂಗಳು ಬಜಾರಿನಲ್ಲಿ ಅವನು ನಮಾಜಿಗೆ ಎದ್ದರೆ ಸಾಕು, "ಜೇಬು ನೋಡ್ಕೊಳ್ಳಿ ಪ್ರೊಫೆಸರ್ ಸಾಹೇಬ್" ಎಂದು ಯಾರಾದರೂ ಒಬ್ಬರು ಅನ್ನುತ್ತಿದ್ದರು. ಇಪ್ಪತ್ತು ವರ್ಷ. ಪ್ರತಿ ಈದಿಗೂ ಸಫ್ದರ್ ಅಲಮಾರಿನ ಮೇಲಿನ ಖಾನೆ ತೆಗೆದು, ಮಕ್ಕಳಿಗೆ ಹಬ್ಬದ ಕಾಸು ಕೊಡುವ ಹಿರಿಯನಂತೆ, ಆ ನಾಣ್ಯವನ್ನು ಅವನ ಅಂಗೈಯಲ್ಲಿಟ್ಟು, ಕಹ್ವಾ ಆರುವುದರೊಳಗೆ ವಾಪಸು ತೆಗೆದುಕೊಳ್ಳುತ್ತಿದ್ದ. "ಎಂಥಾ ನ್ಯಾಯವಂತ ನೋಡು, ಬಡವ ಬಲ್ಲಿದ ಅಂತ ಭೇದ ಮಾಡದೆ ಎಲ್ಲರ ತಲೇನೂ ತೆಗೆದ." ಪ್ರತಿ ಸಲ ಅದೇ ಮಾತು, ಅದೇ ನಗು. ಈ ಸಲ ಕೈ ಚಾಚಬಾರದು ಎಂದುಕೊಂಡೇ ಮುಕರ್ರಮ್ ಹೋಗುತ್ತಿದ್ದ. ಕೈ ಚಾಚುತ್ತಿತ್ತು. ಅವರಿಬ್ಬರದು ಸ್ನೇಹವಾಗಿತ್ತೇ? ಊರಿಗೆಲ್ಲ ಹಾಗೆ ಕಾಣುತ್ತಿತ್ತು. ತನಗೂ ಹೆಚ್ಚಿನ ದಿನ ಹಾಗೆಯೇ ಕಾಣುತ್ತಿತ್ತು, ಸಫ್ದರನ ಹೆಂಡತಿ ಸತ್ತಾಗ ರಾತ್ರಿಯೆಲ್ಲ ಅವನ ಕೈ ಹಿಡಿದು ಕೂತವನು ತಾನೇ ಅಲ್ಲವೆ. ಆದರೆ ಆ ಅಲಮಾರಿನ ಕೀಲಿ ತಿರುಗುವ ಸದ್ದಿಗೆ ಬಜಾರಿನ ಆ ನಗುವೆಲ್ಲ ಮತ್ತೆ ಕೇಳಿಸುತ್ತಿತ್ತು.

ಹಾಜಿಯ ಅಂಗಡಿ ಮುಚ್ಚಿತ್ತು. ಸದ್ಯ. ಮುಂದೆ ಓಣಿ ಇಕ್ಕಟ್ಟಾಗುತ್ತ ಹೋಯಿತು, ಮೇಲಿನ ಮರದ ಉಪ್ಪರಿಗೆಗಳು ಎದುರುಬದುರು ಬಾಗಿ ಬಿಸಿಲನ್ನು ತಡೆದಿದ್ದವು. ಸಫ್ದರ್ ಹಾಸಿಗೆ ಹಿಡಿದಿದ್ದ ಕೊನೆಯ ತಿಂಗಳು ಈ ನೆರಳಿನ ತಿರುವಿನವರೆಗೆ ಅವನು ಎಷ್ಟು ಸಲ ಬಂದಿದ್ದ! ಬಂದು, ಆ ಮನೆಯ ಹಸಿರು ಬಾಗಿಲು ಕಂಡೊಡನೆ, ಏನೋ ಮರೆತವನಂತೆ ಹಣೆ ಒತ್ತಿಕೊಂಡು ತಿರುಗಿಬಿಡುತ್ತಿದ್ದ, ನೋಡುವವರು ಯಾರೂ ಇಲ್ಲದಿದ್ದರೂ. ಯಾಕೆಂದರೆ ಅದಕ್ಕೆ ಮುಂಚೆ ಒಂದು ಮಧ್ಯಾಹ್ನ ನಡೆದದ್ದು ನಡೆದುಹೋಗಿತ್ತು. ಸಫ್ದರನಿಗೆ ಲಕ್ವಾ ಹೊಡೆದು ಎಡಮೈ ಬಿದ್ದುಹೋಗಿತ್ತು. ಮಾತು ಬಾಯಲ್ಲೇ ಕಲಸಿಕೊಂಡು ಹೊರಬರುತ್ತಿತ್ತು. ಆ ಮಧ್ಯಾಹ್ನ ಆಪಾ ಅಡುಗೆಮನೆಯಲ್ಲಿದ್ದಳು. ಸಫ್ದರ್ ಬಲಮಗ್ಗುಲಾಗಿ ಮಲಗಿದ್ದ. ಮುಕರ್ರಮ್ ಕೂತಿದ್ದು ಅವನ ಬೆನ್ನ ಹಿಂದೆ, ಕಾಣುತ್ತಿದ್ದದ್ದು ರಜಾಯಿಯ ಏರಿಳಿತ ಮಾತ್ರ. ಉಸಿರು ಒಂದೇ ಸಮನಾಗಿತ್ತು. ಮಂಚದ ಆಚೆಬದಿ, ಸಫ್ದರ್ ಮುಖ ಮಾಡಿದ್ದ ಗೋಡೆಯ ಅಲಮಾರಿನಲ್ಲಿ ಕೀಲಿ ಹಾಗೇ ಇತ್ತು. ಒಂದು ಸಲ ನೋಡೋಣ, ಈ ಸಲದ ಈದಿಗೆ ಇವನು ಇರುತ್ತಾನೋ ಇಲ್ಲವೋ ಎಂದುಕೊಂಡು ಎದ್ದ. ಖಾನೆ ಸದ್ದಿಲ್ಲದೆ ಬಂತು. ನಾಣ್ಯ ಅಂಗೈಯಲ್ಲಿ ತಣ್ಣಗೆ ಕೂತಿತು. ಇಷ್ಟು ಹೊತ್ತು, ಯಾರೂ ವಾಪಸು ಕೇಳದೆ, ಅದು ಅವನ ಕೈಯಲ್ಲಿ ಎಂದೂ ಇದ್ದಿರಲಿಲ್ಲ. ಆಮೇಲೆ ಅವನ ಎಡಗೈ ಜೇಬಿನಿಂದ ಕರವಸ್ತ್ರ ತೆಗೆಯಿತು. ಯಾಕೆ ತೆಗೆಯಿತು? ಒರೆಸುವುದಕ್ಕೋ? ಸುತ್ತಿಕೊಂಡು ಒಯ್ಯುವುದಕ್ಕೋ? ಎಷ್ಟು ದಿನದಿಂದ ಕೇಳಿಕೊಂಡರೂ ಆ ಕೈ ಉತ್ತರ ಕೊಟ್ಟಿರಲಿಲ್ಲ. ಕರವಸ್ತ್ರ ಬಿಡಿಸುತ್ತ ತಿರುಗಿದಾಗ ದಿಂಬಿನಿಂದ ಒಂದು ಕಣ್ಣು ಅವನನ್ನು ನೋಡುತ್ತಿತ್ತು. ಇನ್ನೊಂದು ಕಣ್ಣು ದಿಂಬಿನಲ್ಲಿ ಹುದುಗಿತ್ತು. ಈ ಎಡಗಣ್ಣು ರೆಪ್ಪೆ ಬಡಿಯದೆ, ಒದ್ದೆಯಾಗಿ, ಕೋಪವಿಲ್ಲದೆ, ಅವನ ಮೇಲೆ ನೆಟ್ಟಿತ್ತು. ಸಫ್ದರ್ ಏನೂ ಅನ್ನಲಿಲ್ಲ. ನಾಣ್ಯವನ್ನು ಖಾನೆಗೆ ಹಾಕಿ, ಚಪ್ಪಲಿ ಸರಿಯಾಗಿ ಮೆಟ್ಟದೆ, ಆಪಾಗೂ ಹೇಳದೆ ಹೊರಟು ಬಂದವನು ಮತ್ತೆ ಆ ಹೊಸಿಲು ತುಳಿದದ್ದು ಹೆಣ ಎತ್ತುವ ದಿನ, ಜನರ ಹಿಂದೆ, ಕೊನೆಯ ಸಾಲಿನಲ್ಲಿ.

ಬಾಗಿಲು ತೆರೆದದ್ದು ಆಪಾಳೇ. ಎಪ್ಪತ್ತು ದಾಟಿದವಳು, ತಮ್ಮನ ಹೆಂಡತಿ ಹೋದಮೇಲೆ ಈ ಮನೆಗೆ ಬಂದು ನಿಂತವಳು. ಮುಕರ್ರಮ್ ನಿಕ್ಕರು ಹಾಕಿಕೊಂಡು ಸಫ್ದರನ ಜತೆ ಗಾಳಿಪಟ ಹಾರಿಸುತ್ತಿದ್ದಾಗ ಇಬ್ಬರ ಕಿವಿಯನ್ನೂ ಹಿಂಡಿದವಳು.

"ಬಾ. ಸೊರಗಿದೀಯಲ್ಲೋ. ಚಪ್ಪಲಿ ಅಲ್ಲೇ ಬಿಡು, ನೆಲ ತೊಳೆದಿದೀನಿ."

ಕೋಣೆಯಲ್ಲಿ ಮಂಚ ಇರಲಿಲ್ಲ. ಮಂಚವಿದ್ದ ಜಾಗದಲ್ಲಿ ಗೋಡೆಯ ಸುಣ್ಣ ಬೇರೆ ಬಣ್ಣದಲ್ಲಿತ್ತು. ಆಪಾ ಕೆಂಡದ ಮಡಕೆಯ ಮೇಲೆ ಹೊದಿಸಿದ ರಜಾಯಿಯೊಳಗೆ ಕಾಲು ಚಾಚಿ ಕೂತು, ಅವನನ್ನೂ ಎದುರಿಗೆ ಕೂರಿಸಿ, ಕಹ್ವಾ ಬಗ್ಗಿಸಿದಳು. ರಜಾಯಿಯ ಮೇಲೆ ಹಳೆಯ ಬಿಳಿ ಬಟ್ಟೆ ಹಾಸಿ ನಾಣ್ಯಗಳನ್ನೆಲ್ಲ ಹರಡಿದ್ದಳು, ಬೇಳೆ ಒಣಹಾಕಿದ ಹಾಗೆ. ಮುಕರ್ರಮ್‌ನ ಕಣ್ಣು ಒಂದು ಸುತ್ತು ಓಡಿಬಂತು. ತಡೆದರೂ ಓಡಿತು. ಅದು ಅಲ್ಲಿರಲಿಲ್ಲ. ಆಪಾ ತನ್ನನ್ನೇ ನೋಡುತ್ತಿದ್ದಾಳೆ ಅನ್ನಿಸಿ ಕಹ್ವಾದ ಬಟ್ಟಲಿಗೆ ಮುಖ ತಗ್ಗಿಸಿದ.

"ಇದೆಲ್ಲ ಮ್ಯೂಸಿಯಮ್ಮಿಗೆ ಹೋಗಬೇಕು ಅಂತ ಅವನೇ ಹೇಳಿದಾನೆ. ಯಾವುದು ಯಾರದು ಅಂತ ನೀನು ಹೇಳಿದ್ರೆ ಒಂದೊಂದು ಕಾಗದದಲ್ಲಿ ಸುತ್ತಿಡ್ತೀನಿ. ಇವನ್ಯಾರು, ತಲೆ ಮೇಲೆ ಸಿಂಹದ ಚರ್ಮ ಹೊದ್ದುಕೊಂಡಿರೋನು?"

"ಸಿಕಂದರನದು, ಆಪಾ."

"ಚಳಿ ಆಗಿರಬೇಕು ಪಾಪ. ಅಷ್ಟು ದೂರದಿಂದ ಬಂದಿದಾನೆ."

ಆ ಮುಖ ಸಿಕಂದರನದಲ್ಲ, ಅವನ ಕುಲದೇವರಂತಿದ್ದ ಒಬ್ಬ ವೀರನದು ಎಂದು ಬೇರೆ ದಿನವಾಗಿದ್ದರೆ ಮುಕರ್ರಮ್ ಹೇಳುತ್ತಿದ್ದ. ಈಗ ಸುಮ್ಮನೆ ಮುಂದಿನದಕ್ಕೆ ಹೋದ. ಅವನು ಹೆಸರು ಹೇಳಿದ, ಅವಳು ಸುತ್ತಿದಳು. ಮಹಮೂದ್, ತೈಮೂರ್, ಬಾಬರ್, ಒಬ್ಬೊಬ್ಬರೂ ಹಳೆಯ ಪತ್ರಿಕೆಯ ತುಣುಕಿನಲ್ಲಿ ಔಷಧಿಯ ಪೊಟ್ಟಣಗಳಾಗಿ ಸಾಲುಗಟ್ಟಿದರು. ಈ ಕೆಲಸ ಹೀಗೇ ಮುಗಿದುಹೋಗಲಿ, ಅವಳು ಏನೂ ಕೇಳದಿರಲಿ ಎಂದು ಅವನು ಬೇಡಿಕೊಳ್ಳುತ್ತಿದ್ದ. ಜತೆಗೇ, ಇನ್ನೊಂದು ಎಲ್ಲಿ, ಅದನ್ನು ಯಾರಿಗೆ ಕೊಟ್ಟಳು ಎಂದು ಒಳಗೆ ಒಂದು ಇಲಿ ಕೆರೆಯುತ್ತಿತ್ತು. ನಾಚಿಕೆಯಾಯಿತು. ನಾಚಿಕೆಯಾದರೂ ಇಲಿ ನಿಲ್ಲಲಿಲ್ಲ.

"ಈ ಕೋಣೇಲಿ ಒಬ್ಬಳೇ ಕೂತ್ರೆ ಈಗಲೂ ಹೆದರಿಕೆ ಆಗುತ್ತೆ ಕಣೋ," ಎಂದಳು ಆಪಾ, ಪೊಟ್ಟಣ ಮಡಿಸುತ್ತ. "ಅವನ ಕಣ್ಣು ನೆನಪಾಗುತ್ತೆ. ಕೊನೇ ದಿನಗಳಲ್ಲಿ ಆ ಎಡಗಣ್ಣು ಮುಚ್ಚುತ್ತಲೇ ಇರಲಿಲ್ಲ."

ಮುಕರ್ರಮ್‌ನ ಕೈಯಲ್ಲಿದ್ದ ಬಟ್ಟಲು ನಿಂತಿತು.

"ಲಕ್ವಾ ಹೊಡೆದ ಕಡೆ ರೆಪ್ಪೆ ಸತ್ತುಹೋಗಿತ್ತಲ್ಲ. ಗೊರಕೆ ಹೊಡೀತಾ ಗಾಢ ನಿದ್ದೇಲಿರೋನು, ಕಣ್ಣು ಮಾತ್ರ ಇಷ್ಟಗಲ ತೆರೆದು ಗೋಡೆ ನೋಡ್ತಿರೋದು. ಮೊದಲ ದಿನ ನಾನು ಸತ್ತೇಹೋದ ಅಂತ ಕಿರುಚಿಬಿಟ್ಟೆ. ಅವನು ಎಚ್ಚರಾಗಿ ನನಗೇ ಬೈದ. ಆಮೇಲೆ ಗುಲಾಬಿನೀರು ಹಾಕಿ ಒದ್ದೆ ಬಟ್ಟೆ ಕಟ್ಟಿ ಮಲಗಿಸ್ತಿದ್ದೆ. ನಿನಗೆ ಗೊತ್ತಿರಬೇಕಲ್ಲ, ಮೊದಮೊದಲು ನೀನೂ ಬರ್ತಿದ್ಯಲ್ಲ."

ಅವನಿಗೆ ಗೊತ್ತಿರಲಿಲ್ಲ. ಬಟ್ಟಲನ್ನು ಕೆಳಗಿಟ್ಟ. ಕೆಂಡದ ಬಿಸಿ ಮೊಣಕಾಲಿಗೆ ತಾಗುತ್ತಿತ್ತು, ಬೆನ್ನು ಮಾತ್ರ ಕೊರೆಯುತ್ತಿತ್ತು. ಹಾಗಾದರೆ ಆ ಕಣ್ಣು ಗೋಡೆ ನೋಡುತ್ತಿತ್ತು. ಗೋಡೆಗೂ ಕಣ್ಣಿಗೂ ನಡುವೆ ತಾನು ನಿಂತಿದ್ದ, ಅಷ್ಟೆ. ಸಫ್ದರ್ ಏನನ್ನೂ ನೋಡಲಿಲ್ಲ. ಆ ತಿಂಗಳೆಲ್ಲ, ಓಣಿಯ ತಿರುವಿನವರೆಗೆ ಬಂದು ಮರಳಿದ ಪ್ರತಿ ಸಲವೂ, ಈ ಮನೆಯೊಳಗೆ ತನ್ನನ್ನು ಕಳ್ಳನೆಂದು ತಿಳಿದವರು ಯಾರೂ ಇರಲೇ ಇಲ್ಲ. ಇದರಿಂದ ಸಮಾಧಾನವಾಗಬೇಕಿತ್ತು. ಎದೆಯ ಮೇಲಿಂದ ಏನೋ ಇಳಿಯಿತು ಕೂಡ. ಇಳಿದ ಜಾಗದಲ್ಲಿ ಅದಕ್ಕಿಂತ ದೊಡ್ಡದೊಂದು ನಿಧಾನವಾಗಿ ಬಂದು ಕೂರತೊಡಗಿತು.

"ಬಾಗಿಲು ಯಾರು ಬಡಿದರೂ ಮುಕ್ಕೋ ಬಂದ, ಮುಕ್ಕೋ ಬಂದ ಅಂತ ಗಲಾಟೆ. ಬೇರೆ ಮಾತೆಲ್ಲ ತೊದಲಿದ್ರೂ ನಿನ್ನ ಹೆಸರು ಮಾತ್ರ ಸರಿಯಾಗಿ ಬರ್ತಿತ್ತು." ಆಪಾ ದುಪಟ್ಟಾದ ಚುಂಗಿನ ಗಂಟು ಬಿಚ್ಚಿದಳು. "ಈ ಮೊಂಗೋಲನನ್ನ ಅಲಮಾರಿಂದ ತೆಗೆಸಿ, ಬಲಗೈಲಿ ಹಿಡ್ಕೊಂಡೇ ಮಲಗ್ತಿದ್ದ. ನಿನಗೆ ತನ್ನ ಕೈಯಾರೆ ಕೊಡಬೇಕಂತೆ. 'ಇಪ್ಪತ್ತು ವರ್ಷ ಆಟ ಆಡಿಸಿದೀನಿ ಆಪಾ, ಅವನು ಒಂದು ಸಲಾನೂ ಬೇಜಾರು ಮಾಡ್ಕೊಳ್ಳಲಿಲ್ಲ, ಈಗ ಅವನ ಮುಖ ನೋಡಬೇಕು' ಅಂದ. ನಿನ್ನ ಹೆಂಡತಿ ಕೈಲಿ ಕಳಿಸ್ತೀನಿ ಅಂದ್ರೆ ಕೇಳಲಿಲ್ಲ. ಬೇಡ, ಬರ್ತಾನೆ, ಅವನಿಗೆ ಏನೋ ಕೆಲಸ ಇರಬೇಕು, ನಾಳೆ ಬರ್ತಾನೆ ಅಂದ. ಕೊನೇ ದಿನಾನೂ ಅದನ್ನೇ ಅಂದ. ತಗೋ."

ಅವಳು ಕೈ ಚಾಚಿದ್ದಳು. ಚರ್ಮ ಸುಕ್ಕಾದ ಅಂಗೈಯ ನಡುವೆ ಆ ಸಣ್ಣ ಬಿಳಿಚು ಚೂರು.

"ನನಗೆ ಜ್ವರ ಬಂದಿತ್ತು ಆಪಾ," ಎಂದ ಮುಕರ್ರಮ್. ಹೇಳಬೇಕೆಂದು ಹೇಳಿದ್ದಲ್ಲ. ಬೆಳಗಿನಿಂದ ಬಾಯಲ್ಲಿ ಸಿದ್ಧವಾಗಿದ್ದದ್ದು ಹೊರಬಿತ್ತು.

"ಶಗುಫ್ತಾ ಪ್ರತಿ ಶುಕ್ರವಾರ ಬಂದು ನನ್ನ ಜತೆ ಕೂತು ಹೋಗ್ತಿದ್ಲು. ಅವಳು ಜ್ವರ ಅನ್ನಲಿಲ್ಲ."

ಹೆಂಡತಿ ಬರುತ್ತಿದ್ದದ್ದು ಅವನಿಗೆ ತಿಳಿದಿರಲಿಲ್ಲ. ಪ್ರತಿ ಶುಕ್ರವಾರ ಅವಳು ತನ್ನ ಮುಂದೆ ರೊಟ್ಟಿ ಇಟ್ಟು, ಏನನ್ನೋ ಕಾಯುವವಳಂತೆ ಒಂದು ಕ್ಷಣ ನಿಲ್ಲುತ್ತಿದ್ದಳು. ಉಪ್ಪು ಕಡಿಮೆಯಾಗಿದೆಯೇ ಎಂದು ಕೇಳಲು ನಿಂತಿದ್ದಾಳೆಂದುಕೊಂಡಿದ್ದ.

"ಆಪಾ, ನಾನು ಆವತ್ತು..."

"ಬೇಡ." ಅವಳು ಕೈ ಎತ್ತಿದಳು. ದನಿ ಗಡುಸಾಗಿರಲಿಲ್ಲ, ದಣಿದಿತ್ತು. "ಹೇಳಬೇಡ ಮುಕರ್ರಮ್. ನೀನು ಹೇಳಿ ಹಗುರಾಗ್ತೀಯ. ನಾನು ಅದನ್ನ ಎಲ್ಲಿಡಲಿ? ಅವನು ಕೇಳಲಿಲ್ಲ, ನಾನೂ ಕೇಳಲ್ಲ. ತಗೋ, ನನ್ನ ಕೈ ನೋಯ್ತಿದೆ."

ಅವನು ಅಂಗೈ ಚಾಚಿದ. ಅವಳು ನಾಣ್ಯವಿಟ್ಟು, ಅವನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಚ್ಚಿದಳು. ಆಮೇಲೆ ನಾದಿರ್ ಶಾಹನ ರೂಪಾಯಿ ಎತ್ತಿ, "ಇದು?" ಎಂದಳು. ಅವನು ಹೇಳಿದ. ಅವಳು ಸುತ್ತಿಟ್ಟಳು. ಮುಗಿದಾಗ ಇಬ್ಬರೂ ಎದ್ದರು. ಬಾಗಿಲವರೆಗೆ ಬಂದು, ಚಪ್ಪಲಿ ಮೆಟ್ಟಲು ಬಗ್ಗಿದ ಅವನ ತಲೆಯ ಮೇಲೆ ಕೈಯಿಟ್ಟು, "ಗಾಳಿ ಚಳಿ ಇದೆ, ಕಿವಿ ಮುಚ್ಕೊಂಡು ಹೋಗು" ಎಂದಳು. ಬಾಗಿಲು ಹಾಕಿಕೊಂಡಿತು.

ಓಣಿಯಲ್ಲಿ ಅವನು ಮುಷ್ಟಿ ಬಿಡಿಸಲಿಲ್ಲ. ನೋಡಬಾರದು. ಮನೆಗೂ ಒಯ್ಯಬಾರದು, ನಾಳೆಯೇ ಉಳಿದವುಗಳ ಜತೆ ಮ್ಯೂಸಿಯಮ್ಮಿಗೆ ಕೊಟ್ಟುಬಿಡಬೇಕು ಎಂದುಕೊಳ್ಳುತ್ತ ನಡೆದ. ಹಾಗೆ ಅಂದುಕೊಳ್ಳುತ್ತಿರುವಾಗಲೇ ಹೆಬ್ಬೆರಳು ಮುಷ್ಟಿಯೊಳಗೆ ನುಗ್ಗಿ ನಾಣ್ಯದ ಮೇಲೆ ಓಡತೊಡಗಿತು. ಅಂಚು ಸವೆದದ್ದು, ಅಕ್ಷರದ ದಿಣ್ಣೆ, ತಗ್ಗು. ಅಲ್-ಆದಿಲ್. ಬೆರಳು ಓದಿತು. ಅಲ್-ಆಜಮ್. ಮುಂದಿನ ಸಾಲಿಗೆ ಹೋಯಿತು. ಆಗ ಅವನ ಹೊಟ್ಟೆಯ ತಳದಿಂದ, ಬೇಡ ಬೇಡವೆಂದರೂ, ಒಂದು ಸಂತೋಷ ಎದ್ದುಬಂತು. ನನ್ನದಾಯಿತು. ಇಪ್ಪತ್ತು ವರ್ಷದ ಹಿಂದೆ ಹಾಜಿಯ ಅಂಗಡಿಯಲ್ಲಿ ಮೈ ನಡುಗಿಸಿದ ಅದೇ ಹಸಿ ಸಂತೋಷ, ಯಾವ ನಾಚಿಕೆಯೂ ಇಲ್ಲದ್ದು. ಅದು ಎದೆಗೇರಿತು, ಗಂಟಲಿಗೇರಿತು. ಅಂದಿನಂತೆಯೇ, ಯಾರಿಗಾದರೂ ಹೇಳಬೇಕೆಂದು ಅವನು ಪಕ್ಕಕ್ಕೆ ತಿರುಗಿದ. ಬಾಯಿ ತೆರೆದೇ ಇತ್ತು. ಪಕ್ಕದಲ್ಲಿ ಗೋಡೆಯಿತ್ತು.

ಅವನು ಆ ಗೋಡೆಗೆ ಕೈಯೂರಿ ನಿಂತ. ಮೊದಲು ಬಂದದ್ದು ಅಳುವೆಂದು ಅವನಿಗೇ ಗೊತ್ತಾಗಲಿಲ್ಲ, ಕೆಮ್ಮಿನಂತಿತ್ತು. ಎದುರಿನ ತಂದೂರಿನಲ್ಲಿ ನಾನ್ ಸುಡುತ್ತಿದ್ದವನು, ಉದ್ದನೆಯ ಕಂಬಿ ಕೈಯಲ್ಲಿ ಹಿಡಿದು, ತಲೆಯೆತ್ತಿ ನೋಡಿದ. ಅವನ ಹಿಂದೆ ಗೂಡಿನಲ್ಲಿ ರೇಡಿಯೋ ಯಾವುದೋ ಮದುವೆಯ ಹಾಡನ್ನು ಜೋರಾಗಿ ಹಾಡುತ್ತಿತ್ತು.

"ಏನಾಯ್ತು ಲಾಲಾ? ಮೈ ಸರಿಯಿಲ್ವಾ? ಬನ್ನಿ, ಕೂತ್ಕೊಳ್ಳಿ."

"ನನ್ನ ಸ್ನೇಹಿತ ತೀರಿಕೊಂಡ," ಎಂದ ಮುಕರ್ರಮ್.

"ಅಯ್ಯೋ. ದೇವರೇ. ಯಾವಾಗ?"

"ಈಗ," ಎಂದ. "ಈಗ ತಾನೇ."

ನಾನ್ ಸುಡುವವನು ಕಂಬಿಯನ್ನು ಗೋಡೆಗೆ ಒರಗಿಸಿ, ಹಿಟ್ಟಿನ ಕೈಯಲ್ಲೇ ಹಿಂದಕ್ಕೆ ಚಾಚಿ, ರೇಡಿಯೋ ಆರಿಸಿದ.